ಮುಟ್ಟಿದ್ದು ಗೊತ್ತಾಯ್ತಾ?

ಜನರನ್ನು ಹತ್ತಿಯಿಂದ ಮುಟ್ಟುವುದು ನನ್ನ ಕೆಲಸವಾಗಿತ್ತು. ಹಲಸೂರು ಕೆರೆಯ ಹಿಂದಿನ ಓಣಿಯೊಂದರಲ್ಲಿ, ಹೆಂಚು ಹೊದಿಸಿದ ಮೂರು ಕೋಣೆಗಳ ಕುಷ್ಠರೋಗ ದವಾಖಾನೆಯಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಗುಮಾಸ್ತನಾಗಿ ಸೇರಿದೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ತೆಗೆದುಕೊಂಡಿದ್ದರು. ಹೊರಗೆ ಬರುವ ಹೊತ್ತಿಗೆ ತಲೆ ಬೆಳ್ಳಗಾಗಿತ್ತು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಮ್ಮ ಕಾಲದ ಔಷಧಿಗಳ ವಿಚಾರ ಪುಸ್ತಕದಲ್ಲಿ ಸಿಗುತ್ತದೆ. ನಾವು ಮಾಡಿದ ಎಡವಟ್ಟುಗಳನ್ನು ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಅವನ್ನು ನಾನೇ ಬರೆಯುತ್ತಿದ್ದೇನೆ.

ನಮ್ಮೂರು ಕಗ್ಗದಾಸಪುರ. ಆಗ ಅಲ್ಲಿ ರಾಗಿ ಹೊಲ, ಹುರುಳಿ ಹೊಲ ಬಿಟ್ಟರೆ ಏನೂ ಇರಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹಲಸೂರಿಗೆ ನಡೆದು ಬರುತ್ತಿದ್ದೆ. ಸಂಜೆ ಮನೆಗೆ ಹೋದರೆ ಅಮ್ಮ ಹಿತ್ತಲಲ್ಲೇ ನಿಲ್ಲಿಸಿ ಎರಡು ಬಿಂದಿಗೆ ನೀರು ಸುರಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಮಗ ದೊಡ್ಡ ರೋಗದ ಆಸ್ಪತ್ರೆಯಲ್ಲಿದ್ದಾನೆ ಎಂದರೆ ಹೆಣ್ಣು ಕೊಡುವವರು ಯಾರು? ನನ್ನ ಅಂಗಿಗೆ ಸದಾ ಹತ್ತಿಯ ಎಳೆ ಅಂಟಿರುತ್ತಿದ್ದುದನ್ನು ನೋಡಿ ಅಮ್ಮ ಒಂದು ದಾರಿ ಕಂಡುಕೊಂಡಳು. ಮಗ ದಂಡಿನ ಕಡೆ ಹತ್ತಿ ಕಂಪನಿಯಲ್ಲಿದ್ದಾನೆ ಎಂದು ಊರಿಗೆಲ್ಲ ಹೇಳಿಬಿಟ್ಟಳು. ಹೊಸಕೋಟೆಯಿಂದ ಬಂದ ಸೋದರಮಾವ ಅದನ್ನು ನಂಬಿ, ಮಗಳ ಮದುವೆಯ ಹಾಸಿಗೆಗೆ ಒಂದು ಮೂಟೆ ಒಳ್ಳೆ ಹತ್ತಿ ಕಳಿಸಪ್ಪ ಎಂದರು. ನಮ್ಮ ದವಾಖಾನೆಗೆ ವರ್ಷಕ್ಕೆ ಬರುತ್ತಿದ್ದ ಹತ್ತಿಯಲ್ಲಿ ಒಂದು ತಲೆದಿಂಬೂ ಆಗುತ್ತಿರಲಿಲ್ಲ. ಈ ಸಲ ಬೆಳೆ ಸರಿಯಿಲ್ಲ ಮಾವ ಎಂದು ಹೇಳಿ ಪಾರಾದೆ.

ನಮ್ಮ ಮೇಲಿನವರು ಡಾಕ್ಟರ್ ಎಬನೇಜರ್. ಫ್ರೇಜರ್ ಟೌನಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಸದಾ ಅವಸರದಲ್ಲಿರುವ ಮನುಷ್ಯ. ಅವರ ಕನ್ನಡದಲ್ಲಿ ಅರ್ಧ ತಮಿಳು, ಉಳಿದ ಅರ್ಧದಲ್ಲಿ ಇಂಗ್ಲಿಷು. ಗಂಡಸರು ಹೆಂಗಸರೆನ್ನದೆ ಎಲ್ಲರನ್ನೂ ‘ಮ್ಯಾನ್’ ಎಂದು ಕರೆಯುತ್ತಿದ್ದರು. ‘ಏನ್ ಮ್ಯಾನ್, ಮಗು ಹಾಲು ಕುಡೀತಾ?’ ಎಂದು ಬಾಣಂತಿಯನ್ನು ಕೇಳುವುದನ್ನು ನಾನೇ ಕೇಳಿದ್ದೇನೆ.

ಮೊದಲ ವರ್ಷಗಳಲ್ಲಿ ನಮ್ಮಲ್ಲಿದ್ದ ಔಷಧಿ ಒಂದೇ, ಎಣ್ಣೆಯ ಸೂಜಿ. ಚಾಲ್‌ಮೊಗ್ರ ಎಂಬ ಕಾಯಿಯ ಎಣ್ಣೆಯನ್ನು ಚರ್ಮದೊಳಕ್ಕೆ ಏರಿಸುವುದು. ಗಟ್ಟಿ ಎಣ್ಣೆ, ದಪ್ಪ ಸೂಜಿ. ಚುಚ್ಚಿಸಿಕೊಂಡವರು ಮೂರು ದಿನ ಕೂರಲಾರದೆ ಒದ್ದಾಡುತ್ತಿದ್ದರು. ಅದರಿಂದ ಗುಣವಾದವರು ಯಾರು, ತಾನಾಗಿ ಸುಧಾರಿಸಿದವರು ಯಾರು ಎಂಬುದು ನಮಗೂ ಗೊತ್ತಿರಲಿಲ್ಲ. ಯುದ್ಧ ಮುಗಿದು ಕೆಲವು ವರ್ಷಕ್ಕೆ ಸಲ್ಫೋನ್ ಎಂಬ ಹೊಸ ಮಾತ್ರೆ ಬಂತು. ಸಾಕಾಗುವಷ್ಟಿರಲಿಲ್ಲ. ಡಾಕ್ಟರು ಕೆಲವರನ್ನು ಆರಿಸಿ ಶುರು ಮಾಡಿದರು. ಇವರ ಚರ್ಮ ಏನಾಗುತ್ತದೆ, ನರ ಏನಾಗುತ್ತದೆ ಎಂದು ಎರಡು ವರ್ಷ ಬರೆದಿಡುವ ಹೊಣೆ ನನ್ನ ಮೇಲೆ ಬಿತ್ತು.

ಅದಕ್ಕೆ ಅಚ್ಚು ಹಾಕಿಸಿದ ಹಾಳೆಗಳಿದ್ದವು. ಮುಂದಿನಿಂದ ಒಂದು, ಹಿಂದಿನಿಂದ ಒಂದು ಮನುಷ್ಯನ ಆಕಾರ. ಮಚ್ಚೆ ಇರುವಲ್ಲಿ ಕೆಂಪು ಮಸಿ, ಜೋಮು ಇರುವಲ್ಲಿ ನೀಲಿ ಮಸಿ. ಎಲ್ಲವೂ ಗಂಡಸಿನ ಆಕಾರವೇ. ಹೆಂಗಸರ ಹಾಳೆ ಗುರುತು ಸಿಗಲಿ ಎಂದು ನಾನು ಚಿತ್ರಕ್ಕೊಂದು ತುರುಬು ಕಟ್ಟಿ, ಹಣೆಗೆ ಕೆಂಪು ಮಸಿಯಲ್ಲೇ ಕುಂಕುಮ ಇಡುತ್ತಿದ್ದೆ. ಆರು ತಿಂಗಳಾದ ಮೇಲೆ ಡಾಕ್ಟರು ಹಾಳೆಗಳನ್ನು ಹರಡಿಕೊಂಡು ಬಹಳ ಹೊತ್ತು ಯೋಚಿಸಿದರು.

‘ಸ್ಟ್ರೇಂಜ್ ಮ್ಯಾನ್. ಲೇಡೀಸ್‌ಗೆ ಬೆನ್ನಲ್ಲಿ, ಕೈಯಲ್ಲಿ ಎಲ್ಲ ಪ್ಯಾಚ್ ಮಾಯ ಆಗ್ತಾ ಇದೆ. ಹಣೇದು ಮಾತ್ರ ಒಬ್ಬರಿಗೂ ಕಮ್ಮಿ ಆಗ್ಲಿಲ್ಲ. ಸೈಜ್ ಕೂಡ ಚೇಂಜ್ ಇಲ್ಲ.’

ಅದು ಕುಂಕುಮ ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ತಾವು ಅಷ್ಟು ಹೊತ್ತಿಗಾಗಲೇ ಬರೆದಿದ್ದ ಒಂದೂವರೆ ಪುಟವನ್ನು ನಿಧಾನವಾಗಿ ಹರಿದರು.

ಇದು ಚಿಕ್ಕ ತಪ್ಪು. ದೊಡ್ಡದು ಹತ್ತಿಯಲ್ಲಿ ಆಯಿತು.

ಸ್ಪರ್ಶ ಪರೀಕ್ಷೆ ಹೀಗಿರುತ್ತಿತ್ತು. ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ ಕಣ್ಣಿಗೆ ಬಟ್ಟೆ ಕಟ್ಟುವುದು. ಹತ್ತಿಯ ಎಳೆಯನ್ನು ಮೊನೆಯಾಗಿ ಹೊಸೆದು ಅವರ ಚರ್ಮಕ್ಕೆ ತಾಗಿಸುವುದು. ತಾಗಿದ ಜಾಗವನ್ನು ಅವರು ಇನ್ನೊಂದು ಕೈಯ ಬೆರಳಿನಿಂದ ತೋರಿಸಬೇಕು. ತೋರಿಸಿದರೆ ಅಲ್ಲಿ ನರ ಬದುಕಿದೆ ಎಂದರ್ಥ. ತೋರಿಸದಿದ್ದರೆ ನೀಲಿ ಮಸಿ.

ಮಾತ್ರೆಗೆ ಆರಿಸಿದವರಲ್ಲಿ ಮಾಣಿಕ್ಯಂ ಎಂಬವನೊಬ್ಬ. ನನ್ನದೇ ವಯಸ್ಸು. ಹಲಸೂರಿನ ಇಸ್ತ್ರಿಯವರ ಕೇರಿಯವನು. ಮೊದಲು ಶಿವಾಜಿನಗರದ ಖಾದರ್ ಸಾಹೇಬರ ಲಾಂಡ್ರಿಯಲ್ಲಿ ಮಿಲಿಟರಿ ಅಧಿಕಾರಿಗಳ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದ. ಬೆನ್ನಿನಲ್ಲಿ, ತೋಳಿನಲ್ಲಿ ಮಚ್ಚೆ ಕಂಡು, ಬಲಗೈಯ ಕಿರುಬೆರಳು ಉಂಗುರಬೆರಳು ಮಡಚಿಕೊಂಡಾಗ ಸಾಹೇಬರು ಅವನನ್ನು ಮನೆಗೆ ಕಳಿಸಿದ್ದರು. ಗುಣವಾಗಿದೆ ಎಂದು ಡಾಕ್ಟರ ಕಾಗದ ತಂದರೆ ಮತ್ತೆ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಆ ಕಾಗದವೇ ಅವನ ಗುರಿ. ಹೆಂಡತಿ ಅಂಜಲಮ್ಮ ಪ್ರತಿ ಮಂಗಳವಾರ ಅವನ ಜೊತೆ ಬಂದು ಅವನಿಗಿಂತ ಮುಂದೆ ಕೂರುತ್ತಿದ್ದಳು.

ಮಾತ್ರೆ ಶುರುವಾದ ಕೆಲವು ತಿಂಗಳಿಗೆ ಮಾಣಿಕ್ಯಂಗೆ ಜ್ವರ ಬಂತು. ಮಚ್ಚೆಗಳು ಕೆಂಪಗೆ ಊದಿದವು. ಮೊಣಕೈ ಹಿಂದಿನ ನರ ಹಗ್ಗದ ಹಾಗೆ ಉಬ್ಬಿ ಅವನು ನೋವಿಗೆ ಹಲ್ಲು ಕಚ್ಚುತ್ತಿದ್ದ. ಅಂಜಲಮ್ಮ ನೇರವಾಗಿ ಡಾಕ್ಟರ ಮೇಜಿಗೇ ಬಂದಳು.

‘ಏನ್ ಸಾರ್ ಇದು? ಬೆರಳು ಕಡಿದ್ರೂ ಗೊತ್ತಾಗಲ್ಲ ಅಂತಾನೆ. ಅದೇ ಕೈ ನೋಯುತ್ತೆ ಅಂತ ಅಳ್ತಾನೆ. ಎರಡರಲ್ಲಿ ಒಂದು ಕೊಡಿ ಸಾರ್, ಎರಡೂ ಯಾಕೆ ಕೊಡ್ತೀರಾ?’

ಡಾಕ್ಟರು, ಔಷಧಿಗೆ ಮೈ ತಿರುಗಿಬೀಳುವುದು ಇದು, ರೋಗ ಹೆಚ್ಚಾದದ್ದಲ್ಲ ಎಂದು ಹೇಳಿ, ಮಾತ್ರೆ ನಿಲ್ಲಿಸಿ, ಕೈಯನ್ನು ಬಟ್ಟೆಯಲ್ಲಿ ತೂಗುಹಾಕಿಸಿ ಮಲಗಿಸಿದರು. ಒಂದು ತಿಂಗಳಾದ ಮೇಲೆ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಆಮೇಲೆ ಚರ್ಮ ದಿನೇ ದಿನೇ ತಿಳಿಯಾಯಿತು.

ವಿಚಿತ್ರವೆಂದರೆ ನರವೂ ಚೇತರಿಸಿಕೊಳ್ಳತೊಡಗಿತು. ಮಾಣಿಕ್ಯಂ ಒಬ್ಬನದಲ್ಲ, ಎಲ್ಲರದೂ. ತಿಂಗಳಿಂದ ತಿಂಗಳಿಗೆ ಹಾಳೆಯಲ್ಲಿ ನೀಲಿ ಮಸಿ ಕಡಿಮೆಯಾಗುತ್ತ ಬಂತು. ಹೆಬ್ಬೆರಳು ಮುಟ್ಟಿದರೆ ಹೆಬ್ಬೆರಳು, ಕಿರುಬೆರಳು ಮುಟ್ಟಿದರೆ ಕಿರುಬೆರಳು, ತಪ್ಪಿಲ್ಲದೆ ತೋರಿಸುತ್ತಿದ್ದರು. ವರ್ಷಗಳಿಂದ ಸತ್ತಿದ್ದ ಕೈಗಳು. ಡಾಕ್ಟರು ಖುಷಿಯಲ್ಲಿ ಸೈಕಲ್ ಗಂಟೆ ಬಾರಿಸುತ್ತ ಓಣಿಗೆ ಬರುವಂತಾದರು. ದೊಡ್ಡದೊಂದು ಲೇಖನ ಬರೆದು ಡಾಕ್ಟರುಗಳ ಸಭೆಯಲ್ಲಿ ಓದಲು ಕಳಿಸಿದರು. ‘ನಿನ್ನ ಹೆಸರೂ ಹಾಕಿದೀನಿ ಮ್ಯಾನ್, ಕೆಳಗೆ, ಸಣ್ಣ ಅಕ್ಷರದಲ್ಲಿ’ ಎಂದರು. ಆ ವಾರ ನಾನು ಊರಿಗೆ ನಡೆದು ಹೋಗುವಾಗ ಕಾಲು ನೆಲ ಮುಟ್ಟುತ್ತಿರಲಿಲ್ಲ.

ಲೇಖನ ಓದಿದ ಒಬ್ಬ ಹಿರಿಯ ವೈದ್ಯರು ಮದರಾಸಿನ ಕಡೆಯಿಂದ ತಾವೇ ನೋಡಲು ಬಂದರು. ಗಿಡ್ಡಗೆ, ಗುಂಡಗೆ, ಬಹಳ ಸಾವಧಾನದ ಮುದುಕರು. ವಿಪರೀತ ನಶ್ಯ. ಕೋಟಿನ ಮೇಲೆಲ್ಲ ಅದರ ಪುಡಿ. ನಾನೇ ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದೆ. ಬೇಡಪ್ಪ, ನೀನು ಹಾಳೆ ಹಿಡಿ, ಹತ್ತಿ ನನಗೆ ಕೊಡು ಎಂದರು.

ಮೊದಲು ಕೂತವನು ಮಾಣಿಕ್ಯಂ. ಕಣ್ಣಿಗೆ ಬಟ್ಟೆ ಕಟ್ಟಿದೆ. ಮುದುಕರು ಅವನ ಕಿರುಬೆರಳಿಗೆ ಹತ್ತಿ ತಾಗಿಸಿದರು. ಮಾಣಿಕ್ಯಂ ಸುಮ್ಮನೆ ಕೂತಿದ್ದ. ಅಂಗೈ ಮುಟ್ಟಿದರು. ಸುಮ್ಮನೆ ಕೂತಿದ್ದ. ಡಾಕ್ಟರ್ ಎಬನೇಜರ್ ಗಂಟಲು ಸರಿಮಾಡಿಕೊಂಡರು. ಮುದುಕರು ಹತ್ತಿಯನ್ನು ಮೇಜಿನ ಮೇಲಿಟ್ಟು, ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಹಿಡಿದು, ಮೂಗಿಗೆ ಏರಿಸಿ ಉಸಿರು ಬಿಗಿಹಿಡಿದರು. ಮಾಣಿಕ್ಯಂ ತಕ್ಷಣ ಹೆಬ್ಬೆರಳು ತೋರಿಸಿದ.

ಮುದುಕರು ಅವನನ್ನೇ ನೋಡಿದರು. ಮೂಗಿನ ಇನ್ನೊಂದು ಹೊಳ್ಳೆಗೆ ಏರಿಸಿದರು. ಮಾಣಿಕ್ಯಂ ತೋರುಬೆರಳು ತೋರಿಸಿದ.

ಮುಂದಿನವರನ್ನು ಕೂರಿಸಿದರು. ಅವರದೂ ಅದೇ. ಮೂರನೆಯವರದೂ ಅದೇ. ಮುದುಕರು ಡಬ್ಬಿ ಮುಚ್ಚಿ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಹೇಳಿದರು.

‘ಎಬನೇಜರ್, ನಾನು ನಲವತ್ತು ವರ್ಷದಿಂದ ನಶ್ಯ ಹಾಕ್ತಾ ಇದೀನಿ. ಅದು ನನ್ನ ಮೂಗಿಗೆ ಗೊತ್ತಾಗೋದಕ್ಕಿಂತ ಮುಂಚೆ ಇವರ ಹೆಬ್ಬೆರಳಿಗೆ ಗೊತ್ತಾಗ್ತಿದೆ.’

ಅವರು ಕೋಪ ಮಾಡಿಕೊಳ್ಳಲಿಲ್ಲ, ಹಂಗಿಸಲಿಲ್ಲ. ಕಾಫಿ ಕುಡಿದು ರೈಲಿಗೆ ಹೋದರು. ಅವರು ಬೈದಿದ್ದರೆ ನಮಗೆ ಎಷ್ಟೋ ವಾಸಿಯಾಗುತ್ತಿತ್ತು.

ಅವರು ಹೋದ ಮೇಲೆ ಡಾಕ್ಟರು ಕುರ್ಚಿಯಲ್ಲಿ ಕುಸಿದರು. ನಾನು ಮಾಣಿಕ್ಯಂನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ, ನಿಜ ಹೇಳು ಎಂದೆ. ಅವನು ಸ್ವಲ್ಪವೂ ಅಳುಕದೆ ಹೇಳಿದ.

‘ನೀವು ಮುಟ್ಟುವಾಗ ಉಸಿರು ಹಿಡೀತೀರಾ ಸಾರ್. ಸೂಜಿಗೆ ದಾರ ಹಾಕೋರ ತರ. ಉಸಿರು ನಿಂತ್ರೆ ಮುಟ್ಟಿದ್ರಿ ಅಂತ. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದ್ದು, ಹಂಗೇ ಕಿರುಬೆರಳು, ಕೊನೇಲಿ ಅಂಗೈ. ಒಂದು ದಿನಾನೂ ನೀವು ಬದಲಾಯಿಸಿಲ್ಲ.’

‘ಎಲ್ಲರಿಗೂ ಗೊತ್ತಾ ಇದು?’

‘ಹೊಸದಾಗಿ ಬಂದೋರಿಗೆ ನಾವೇ ಹೇಳ್ಕೊಡ್ತೀವಿ. ಬೆಂಚಲ್ಲಿ ಕಾಯೋವಾಗ ಬೇರೆ ಏನ್ ಕೆಲಸ?’

‘ಕಾಗದಕ್ಕೋಸ್ಕರ ಮೋಸ ಮಾಡಿದ್ಯಲ್ಲೋ.’

ಅವನು ನೆಲ ನೋಡಿದ. ‘ಕಾಗದಕ್ಕೂ ಹೌದು ಸಾರ್. ಇನ್ನೊಂದೂ ಇದೆ. ಮೊದಮೊದಲು ಗೊತ್ತಾಗ್ಲಿಲ್ಲ ಅಂದ್ರೆ ನಿಮ್ಮ ಮುಖ ಇಷ್ಟು ಚಿಕ್ಕದಾಗೋದು. ನಮ್ಗೇ ಪಾಪ ಅನ್ನಿಸ್ತು.’

ಇಷ್ಟು ವರ್ಷ ನಾನು ಅವರ ಮೇಲೆ ಕರುಣೆ ಇಟ್ಟಿದ್ದೇನೆ ಎಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ಸಾಲಾಗಿ ಕೂತು ನನ್ನ ಮೇಲೆ ಕರುಣೆ ಇಟ್ಟಿದ್ದರು.

ಒಳಗೆ ಹೋಗಿ ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಕೆಲಸ ಬಿಡುತ್ತೇನೆ ಎಂದೂ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

‘ನೀನು ಉಸಿರು ಹಿಡಿದದ್ದು ಒಂದು ತಪ್ಪು ಮ್ಯಾನ್. ರಿಸಲ್ಟ್ ನೋಡಿ ನಾನು ಸಂತೋಷ ಪಟ್ಟು, ಒಂದು ದಿನ ಕೂಡ ನಾನೇ ಮುಟ್ಟಿ ನೋಡ್ಲಿಲ್ಲ. ಅದು ನಂದು. ರಾಜೀನಾಮೆ ಕೊಟ್ರೆ ಇಬ್ಬರೂ ಕೊಡ್ಬೇಕು. ಆಮೇಲೆ ಇವರನ್ನ ಯಾರು ನೋಡ್ತಾರೆ?’

ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆಂದು ಆಗಲೇ ಪತ್ರ ಬರೆದರು. ನನ್ನ ಕೈಗೆ ಕೊಟ್ಟು, ‘ನೀನೇ ಪೋಸ್ಟ್ ಮಾಡು. ನಾನು ಹೋದ್ರೆ ಡಬ್ಬದವರೆಗೂ ಹೋಗಿ ವಾಪಸ್ ಬರ್ತೀನಿ’ ಎಂದರು.

ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದೆವು. ಈ ಸಲ ಬೆರಳುಗಳನ್ನು ಅಡ್ಡಾದಿಡ್ಡಿಯಾಗಿ ಮುಟ್ಟುತ್ತಿದ್ದೆ. ಕೆಲವು ಸಲ ಮುಟ್ಟದೆಯೇ ಸುಮ್ಮನಿರುತ್ತಿದ್ದೆ. ಉಸಿರು ಕೇಳಿಸಬಾರದೆಂದು ಅಂಜಲಮ್ಮನನ್ನು ಪಕ್ಕದಲ್ಲಿ ಕೂರಿಸಿ ಮಾತಾಡಲು ಹೇಳಿದೆವು. ಆ ಒಂದು ಕೆಲಸಕ್ಕೆ ಅವಳನ್ನು ಎರಡನೇ ಸಲ ಕೇಳಬೇಕಾಗಲಿಲ್ಲ. ಅವಳ ನಾದಿನಿಯ ಸಂಸಾರದ ಕಥೆ ನಮ್ಮ ದವಾಖಾನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಉಳಿಯಲಿಲ್ಲ.

ನಿಜವಾದ ಫಲಿತಾಂಶ ಹೀಗಿತ್ತು. ಚರ್ಮದ ವಿಷಯದಲ್ಲಿ ನಾವು ಸುಳ್ಳು ಬರೆದಿರಲಿಲ್ಲ. ಮಚ್ಚೆ ಮಾಸಿತ್ತು, ಗಂಟುಗಳು ಕರಗಿದ್ದವು, ಚರ್ಮದಿಂದ ತೆಗೆದ ರಸದಲ್ಲಿ ರೋಗದ ಹುಳು ಕಾಣುತ್ತಿರಲಿಲ್ಲ. ನರದ ಕಥೆ ಬೇರೆ. ಹೊಸದಾಗಿ ಜೋಮು ಹಿಡಿದಿದ್ದ ಕೆಲವರಿಗೆ ಒಂದಿಷ್ಟು ಮರಳಿತ್ತು. ಹಳೆಯ ಜೋಮು ಹಾಗೇ ಇತ್ತು. ರೋಗ ಮನೆ ಖಾಲಿ ಮಾಡಿಕೊಂಡು ಹೋಗಿತ್ತು, ಆದರೆ ಅದು ಕೆಡಿಸಿದ್ದು ಕೆಟ್ಟೇ ಇತ್ತು. ಮಾಣಿಕ್ಯಂನ ಬಲಗೈ ಮಣಿಕಟ್ಟಿನವರೆಗೆ ಪೂರ್ತಿ ನೀಲಿ.

ಇಂಥ ಕೈಯಲ್ಲಿ ಇವನು ಇಸ್ತ್ರಿ ಹಾಕುವುದು ಹೇಗೆ ಎಂದು ಡಾಕ್ಟರಿಗೆ ಚಿಂತೆಯಾಯಿತು. ಒಂದು ಮಧ್ಯಾಹ್ನ ನಾವಿಬ್ಬರೂ ಅವನ ಮನೆಗೆ ಹೋದೆವು. ಕೇರಿಯವರ ಬಟ್ಟೆಗೆ ಅವನು ಮನೆಯಲ್ಲೇ ಇಸ್ತ್ರಿ ಹಾಕುತ್ತಿದ್ದ. ಕೆಂಡದ ಪೆಟ್ಟಿಗೆಯ ಹಿಡಿಗೆ ಗೋಣಿತಾಟು ಸುತ್ತಿತ್ತು. ಪೆಟ್ಟಿಗೆಯ ಮೇಲೆ ಒಂದು ಹನಿ ನೀರು ಚಿಮುಕಿಸಿ ಚುರ್ ಎನ್ನುವುದನ್ನು ತಲೆ ಓರೆ ಮಾಡಿ ಕೇಳುತ್ತಿದ್ದ. ಆಮೇಲೆ ಅದನ್ನು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದ. ಮುಖದಲ್ಲಿ ಅವನಿಗೆ ಸ್ಪರ್ಶ ಚೆನ್ನಾಗಿತ್ತು. ಒಂದೊಂದು ಅಂಗಿ ಮುಗಿದಾಗಲೂ ಬಲಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದ.

‘ಏನ್ ನೋಡ್ತೀಯ ಮ್ಯಾನ್?’

‘ಸುಟ್ಟಿದ್ರೆ ಕೈ ಹೇಳಲ್ಲ ಸಾರ್. ನಾನೇ ವಿಚಾರಿಸ್ಕೋಬೇಕು.’

ಡಾಕ್ಟರು ಅಲ್ಲೇ ಮಣೆಯ ಮೇಲೆ ಕೂತು ಒಂದು ಗಂಟೆ ನೋಡಿದರು. ಮುಂದಿನ ಮಂಗಳವಾರದಿಂದ ನಮ್ಮ ದವಾಖಾನೆಯಲ್ಲಿ ಮಾಣಿಕ್ಯಂ ಮೇಷ್ಟ್ರಾದ. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಮುಟ್ಟಬೇಡಿ, ಬೀಡಿ ತುದಿಯವರೆಗೆ ಸೇದಬೇಡಿ, ಸಂಜೆ ಕೈಕಾಲು ತೊಳೆದು ಒಂದೊಂದು ಬೆರಳನ್ನೂ ಕಣ್ಣಿಂದ ವಿಚಾರಿಸಿಕೊಳ್ಳಿ ಎಂದು ಬೆಂಚಿನವರಿಗೆ ಹೇಳಿಕೊಡುತ್ತಿದ್ದ. ಮುಂಚೆ ನನ್ನ ಉಸಿರಿನ ಪಾಠ ಮಾಡಿದ್ದ ಅದೇ ಗಂಟಲಿನಲ್ಲಿ.

ಕಾಗದ ಬರೆಯುವ ದಿನ ಬಂತು. ಅಚ್ಚಿನ ನಮೂನೆಯಲ್ಲಿ ‘ಸಂಪೂರ್ಣ ಗುಣವಾಗಿದೆ’ ಎಂದಿತ್ತು. ಡಾಕ್ಟರು ‘ಸಂಪೂರ್ಣ’ ಹೊಡೆದುಹಾಕಿ, ‘ಇವರಲ್ಲಿ ರೋಗವಿಲ್ಲ, ಇವರಿಂದ ಯಾರಿಗೂ ತಗಲುವುದಿಲ್ಲ. ಕೈಗೆ ಸ್ಪರ್ಶವಿಲ್ಲ, ಅದು ರೋಗವಲ್ಲ’ ಎಂದು ಬರೆದರು. ಕಾಗದ ತೆಗೆದುಕೊಂಡು ನಾವು ಮೂವರೂ ಖಾದರ್ ಸಾಹೇಬರ ಲಾಂಡ್ರಿಗೆ ಹೋದೆವು. ಸಾಹೇಬರು ಒಳ್ಳೆಯವರು, ಆದರೆ ಹೆದರಿಕೆಯವರು. ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ಓದಿದರು.

‘ರೋಗ ಇಲ್ಲ ಅಂತೀರಾ. ಕೈ ಸರಿ ಇಲ್ಲ ಅಂತೀರಾ. ಮತ್ತೆ ಹೊಡೆದುಹಾಕಿದ್ದು ಯಾಕೆ ಸಾಬ್? ಒಂದೇ ಮಾತು ಹೇಳ್ಬಿಡಿ.’

‘ಗೋಡೆಗೆ ಬೆಂಕಿ ಬಿತ್ತು, ಆರಿಸಿದ್ವಿ. ಗೋಡೆ ಕಪ್ಪಗಿದೆ. ಕಪ್ಪು ಗೋಡೆ ಪಕ್ಕದ ಮನೆ ಸುಡುತ್ತಾ?’ ಎಂದರು ಡಾಕ್ಟರು.

ಸಾಹೇಬರು ತಲೆದೂಗಿದರೂ ಅವರ ಕಾಲು ಒಂದು ಹೆಜ್ಜೆ ಹಿಂದೆಯೇ ಇತ್ತು. ಡಾಕ್ಟರು ಅದನ್ನು ನೋಡಿದರು. ಇದ್ದಕ್ಕಿದ್ದಂತೆ ಮಾಣಿಕ್ಯಂ ಕಡೆ ತಿರುಗಿ ಕೈ ಚಾಚಿ, ಆ ಮಡಚಿದ ಬಲಗೈಯನ್ನು ಹಿಡಿದು, ಅಂಗಡಿಯಲ್ಲಿದ್ದ ಎಲ್ಲರ ಮುಂದೆ ಜೋರಾಗಿ ಕುಲುಕಿದರು. ‘ಕಂಗ್ರಾಜುಲೇಷನ್ಸ್ ಮ್ಯಾನ್’ ಎಂದರು. ಕೈ ಬಿಡಲೂ ಇಲ್ಲ. ಇಸ್ತ್ರಿ ಹಾಕುತ್ತಿದ್ದವರು ಪೆಟ್ಟಿಗೆ ಎತ್ತಿ ನಿಂತರು. ಎತ್ತಲು ಮರೆತ ಒಬ್ಬರ ಕೈಯಲ್ಲಿ ಪೈಜಾಮವೊಂದು ಸುಟ್ಟಿತು. ದೊಡ್ಡ ಡಾಕ್ಟರು ಹಿಡಿದ ಕೈಯನ್ನು ತಾವು ಹಿಡಿಯದೆ ನಿಂತರೆ ಮರ್ಯಾದೆಯಾಗದು ಎಂದು ಸಾಹೇಬರಿಗೆ ಅನ್ನಿಸಿರಬೇಕು. ಬಿಸ್ಮಿಲ್ಲಾ ಎಂದು ಮೆಲ್ಲಗೆ ಹೇಳಿಕೊಂಡು ಅವರೂ ಹಿಡಿದರು. ಸೋಮವಾರದಿಂದ ಬಾ ಎಂದರು.

ಡಾಕ್ಟರು ಸೈಕಲ್ ಹತ್ತಿ ಹೋದ ಮೇಲೆ ನಾನೂ ಮಾಣಿಕ್ಯಂನೂ ಹಲಸೂರಿನ ಕಡೆ ನಡೆದೆವು. ದಾರಿಯಲ್ಲಿ ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆಮೇಲೆ ಕೇಳಿದ.

‘ಸಾರ್, ಡಾಕ್ಟರ್ ಕೈ ಹೆಂಗಿರುತ್ತೆ?’

‘ಅಂದ್ರೆ?’

‘ಬಿಸಿ ಇರುತ್ತಾ, ತಣ್ಣಗಿರುತ್ತಾ? ಹಿಡಿದಿದ್ದು ನೋಡ್ದೆ. ಅಷ್ಟೇ.’

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ನನ್ನ ಕೈಯನ್ನು ಡಾಕ್ಟರು ಒಮ್ಮೆಯೂ ಹಿಡಿದಿರಲಿಲ್ಲ. ಹಾಗೆಯೇ ಹೇಳಿದೆ.

‘ಈ ಮೊಣಕೈ ಮೇಲೆ ಹಿಡೀಬೇಕಿತ್ತು ಸಾರ್’ ಎಂದ ಮಾಣಿಕ್ಯಂ. ‘ಇಲ್ಲಿ ನಂಗೆ ಚೆನ್ನಾಗಿ ಗೊತ್ತಾಗುತ್ತೆ.’ ದೂರು ಹೇಳುವ ಹಾಗೆ ಹೇಳಲಿಲ್ಲ. ಅಳತೆ ಕೊಡುವಾಗ ದರ್ಜಿಗೆ ಹೇಳುವ ಹಾಗೆ ಹೇಳಿದ.

ಮರುದಿನ ಇದನ್ನು ಡಾಕ್ಟರಿಗೆ ಹೇಳಿದೆ. ಅವರು ಕೇಳಿಸಿಕೊಂಡು ಹಾಳೆಗಳಲ್ಲಿ ಏನೋ ಹುಡುಕುತ್ತ ಕೂತರು. ಮುಂದಿನ ಮಂಗಳವಾರ ಮಾಣಿಕ್ಯಂ ಲಾಂಡ್ರಿಯಲ್ಲಿ ಸ್ವಲ್ಪ ಹೊತ್ತು ಬಿಡುವು ಕೇಳಿಕೊಂಡು, ರೋಗ ಮರುಕಳಿಸದಿರಲೆಂದು ಇನ್ನೂ ನುಂಗಬೇಕಿದ್ದ ಮಾತ್ರೆಗೆ ಬಂದ. ಡಾಕ್ಟರು ಅವನನ್ನು ಬೆಂಚಿನಲ್ಲಿ ಕೂರಲು ಹೇಳಿ ಒಳಗೆ ಹೋಗಿ ಬಂದರು.

‘ಕಣ್ಣು ಮುಚ್ಚು ಮ್ಯಾನ್.’

ಮತ್ತೆ ಪರೀಕ್ಷೆ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಡಾಕ್ಟರು ಅವನ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಅಂಗೈಯಿಟ್ಟು ಗಟ್ಟಿಯಾಗಿ ಹಿಡಿದರು.

‘ತಣ್ಣಗಿದೆ ಸಾರ್’ ಎಂದ. ‘ಒದ್ದೆ ಬೇರೆ ಇದೆ. ಈಗ್ತಾನೆ ಕೈ ತೊಳೆದ್ರಾ?’

ತೊಳೆದಿದ್ದರು. ಆ ಕಾಲದಲ್ಲಿ ನಾವೆಲ್ಲರೂ ರೋಗಿಯನ್ನು ಮುಟ್ಟಿದ ಮೇಲೆ ತೊಳೆಯುತ್ತಿದ್ದೆವು. ಅವರು ಮುಟ್ಟುವ ಮೊದಲು ತೊಳೆದು ಬಂದಿದ್ದರು. ಕೈ ಬಿಟ್ಟ ಮೇಲೆ ಕೊಳಾಯಿಯ ಕಡೆ ಹೋಗಲಿಲ್ಲ. ಅದೇ ಕೈಯಲ್ಲಿ ಮುಂದಿನವರ ಹಾಳೆ ಎತ್ತಿಕೊಂಡು, ಅದರಲ್ಲಿ ಎಲ್ಲಿ ನೀಲಿ ಮಸಿ ಇಲ್ಲ ಎಂದು ನೋಡತೊಡಗಿದರು.